ಕೀಮೋ ಸೂಜಿಯ ನಂತರ ಲಕ್ವ ಬಂದರೆ

ಮಳೆಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಊಟಕ್ಕೆ ಕುಳಿತಿದ್ದೆ. ಫೋನ್ ಬಂತು. ನಮ್ಮ ಮದ್ರಸದಲ್ಲಿ ಓದುವ ಒಬ್ಬ ಹುಡುಗನ ತಾಯಿ ಮಾತಾಡುತ್ತಿದ್ದರು.

"ಉಸ್ತಾದರೇ, ಮಗನ ಬಲಗೈ ಏಳ್ತಾ ಇಲ್ಲ. ಕಾಲು ಎಳೀತಾನೆ. ಏನೋ ಹೇಳ್ಬೇಕು ಅಂತ ನೋಡ್ತಾನೆ, ಮಾತು ಹೊರಗೆ ಬರ್ತಿಲ್ಲ. ಒಂದು ನೀರು ಓದಿ ಊದಿ ಕೊಡ್ತೀರಾ? ಇವರನ್ನು ಕಳಿಸ್ತೇನೆ."

ಹುಡುಗನಿಗೆ ಹನ್ನೆರಡು ವರ್ಷ. ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಐದಾರು ತಿಂಗಳಾಗಿತ್ತು. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ನಾನು ಆ ತಾಯಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಫಾತಿಹಾ ಓದಿ ಕೈ ಸವರಿ, ಮಳೆ ಜೋರಾಗಿದೆ, ಬೆಳಿಗ್ಗೆ ನೋಡುವ" ಎಂದುಬಿಟ್ಟೆ. ಊಟ ಗಂಟಲಲ್ಲಿ ಇಳಿಯಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಟಾರ್ಚ್ ಹಿಡಿದು ಅವರ ಮನೆಗೇ ನಡೆದೆ.

ಅಲ್ಲಿ ಮೂರು ಅಭಿಪ್ರಾಯಗಳಿದ್ದವು. ಅಜ್ಜಿಯ ಪ್ರಕಾರ ಮಗು ಮಗ್ರಿಬ್ ಹೊತ್ತಿಗೆ ಹಳ್ಳದ ಕಡೆ ಹೋಗಿದ್ದ, ಅಲ್ಲಿ ಏನೋ ತಗುಲಿದೆ. ಮಾವನ ಪ್ರಕಾರ ಇದೆಲ್ಲ ಆ ಕೀಮೋ ಎಂಬ ವಿಷದ ಕೆಲಸ, ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು. ತಂದೆ ಏನೂ ಹೇಳದೆ ಗೋಡೆಗೆ ಒರಗಿದ್ದರು. ನಾನು ಆಸ್ಪತ್ರೆಯ ಫೈಲ್ ಕೇಳಿದೆ. ಬಿ.ಎ. ಓದಿದ್ದರ ಪ್ರಯೋಜನ ಅಷ್ಟೇ, ಇಂಗ್ಲಿಷಿನ ಅಕ್ಷರ ಕೂಡಿಸಿ ಓದಬಲ್ಲೆ. ಒಂಬತ್ತು ದಿನಗಳ ಹಿಂದೆ ಬೆನ್ನಿಗೆ ಸೂಜಿ ಕೊಟ್ಟಿದ್ದರು. ಔಷಧಿಯ ಹೆಸರು ಮೆಥೊಟ್ರೆಕ್ಸೇಟ್. ಕೊನೆಯ ಹಾಳೆಯಲ್ಲಿ ಒಂದು ಸಾಲು ಇತ್ತು. ಜ್ವರ, ಫಿಟ್ಸ್, ಕೈಕಾಲಿನ ಬಲಹೀನತೆ ಕಂಡರೆ ತಕ್ಷಣ ಕರೆತರಬೇಕು ಎಂದು. ಪರಿಚಯದವರ ಆಮ್ನಿ ತರಿಸಿ ಹತ್ತೂವರೆಗೆ ಹೊರಟೆವು. ಆಗುಂಬೆ ಇಳಿಯುವಾಗ ಹುಡುಗ ತಾಯಿಯ ಮಡಿಲಲ್ಲಿ ಮಲಗಿ ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ನೋಡುತ್ತಿದ್ದ.

ಆ ರಾತ್ರಿಯ ನಂತರ ಈ ವಿಷಯವನ್ನು ಓದಿ, ವೈದ್ಯರಲ್ಲಿ ಕೇಳಿ ತಿಳಿದುಕೊಂಡೆ. ಕ್ಯಾನ್ಸರ್ ಇರುವ ಮಗುವಿನ ತಾಯಂದಿರು ನಮ್ಮ ಓದುಗ ಸಹೋದರಿಯರಲ್ಲೂ ಇದ್ದಾರೆ. ಅವರಿಗಾಗಿ ಈ ತಿಂಗಳ ಬರಹ.

ಮೊದಲು ಒಂದು ಪದದ ಮಾತು. ನಮ್ಮ ಮನೆಗಳಲ್ಲಿ ಕೈಕಾಲು ಬಿದ್ದರೂ ಲಕ್ವ, ಮುಖ ಓರೆಯಾದರೂ ಲಕ್ವ. ಅರಬಿಯಲ್ಲಿ ಲಕ್ವ ಎಂದರೆ ಮುಖ ಓರೆಯಾಗುವುದು ಮಾತ್ರ. ದೇಹದ ಒಂದು ಪಾರ್ಶ್ವ ಬೀಳುವುದಕ್ಕೆ ಫಾಲಿಜ್ ಎನ್ನುತ್ತಾರೆ. ಅದರ ಮೂಲ ಧಾತುವಿಗೆ ಎರಡಾಗಿ ಸೀಳುವುದು ಎಂಬ ಅರ್ಥವಿದೆ. ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಗೆರೆ ಎಳೆದು ಅರ್ಧ ಮಾಡಿದ ಹಾಗೆ. ಕನ್ನಡದ ಪಾರ್ಶ್ವವಾಯು ಎಂಬ ಪದವೂ ಅದನ್ನೇ ಹೇಳುತ್ತದೆ. ಇಬ್ನ್ ಸೀನಾರಂತಹ ಹಕೀಮರು ಸಾವಿರ ವರ್ಷಗಳ ಹಿಂದೆಯೇ ಇದು ಮಿದುಳು ಮತ್ತು ನರಗಳ ಕಾಯಿಲೆ ಎಂದು ಬರೆದಿದ್ದಾರೆ. ನಾವು ಮಾತ್ರ ಇನ್ನೂ ಹಳ್ಳದ ಬದಿಯಲ್ಲಿ ಕಾರಣ ಹುಡುಕುತ್ತಿದ್ದೇವೆ. ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ. ಆದರೆ ಮಗುವಿನ ಕೈ ಬಿದ್ದಾಗ ಮೊದಲು ಬರೆಸಬೇಕಾದದ್ದು ತಾಯತವಲ್ಲ, ಆಸ್ಪತ್ರೆಯ ಚೀಟಿ.

ಮಿದುಳಿನ ಎಡಭಾಗವು ದೇಹದ ಬಲಭಾಗವನ್ನು ನಡೆಸುತ್ತದೆ, ಬಲಭಾಗವು ಎಡವನ್ನು. ಹೆಚ್ಚಿನವರಲ್ಲಿ ಮಾತಿನ ಜಾಗವೂ ಎಡಗಡೆಯೇ. ಆದ್ದರಿಂದ ಬಲಗೈ ಬಿದ್ದವರಿಗೆ ಅನೇಕ ವೇಳೆ ಮಾತೂ ನಿಲ್ಲುತ್ತದೆ. ಹಿರಿಯರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಹೀಗಾಗುವುದು ನಮಗೆ ಗೊತ್ತು. ಬಿ.ಪಿ.ಯೂ ಇಲ್ಲದ, ಸಕ್ಕರೆಯೂ ಇಲ್ಲದ ಹನ್ನೆರಡರ ಹುಡುಗನಿಗೆ ಏಕೆ ಬಂತು?

ಇದಕ್ಕೆ ಉತ್ತರ ಆ ಸೂಜಿಯಲ್ಲಿದೆ. ಆದರೆ ಸೂಜಿಯನ್ನು ಶಪಿಸುವ ಮೊದಲು ಅದು ಎಲ್ಲಿಂದ ಬಂತು ಎಂಬುದನ್ನು ಕೇಳಿ. ಅದರ ಕತೆ ಆರಂಭವಾಗುವುದು ನಮ್ಮಂತಹ ಮನೆಗಳಲ್ಲೇ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಿನಲ್ಲಿ ರಕ್ತಹೀನತೆಯಿಂದ ಸಾಯುತ್ತಿದ್ದರು. ಯಾರ ಮನೆಯಲ್ಲಿ ಏನು ಬೇಯುತ್ತದೆ, ಯಾರ ರಕ್ತ ಹೇಗಿದೆ ಎಂದು ಆಕೆ ನೋಡುತ್ತಾ ಹೋದರು. ಎಲ್ಲರಿಗಿಂತ ಕೆಟ್ಟ ಆಹಾರ, ಎಲ್ಲರಿಗಿಂತ ಹೆಚ್ಚು ಕಾಯಿಲೆ ಬಡ ಮುಸ್ಲಿಮ್ ಹೆಂಗಸರಲ್ಲಿ ಕಂಡಿತು. ಕೊನೆಗೆ ಯೀಸ್ಟ್‌ನ ಸಾರದಿಂದ ಆ ರಕ್ತಹೀನತೆ ವಾಸಿಯಾಗುತ್ತದೆ ಎಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಗುಣಕಾರಿ ವಸ್ತುವಿಗೆ ಮುಂದೆ 1941ರಲ್ಲಿ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಅಮೆರಿಕದ ವಿಜ್ಞಾನಿಗಳು ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದರು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಮ್ ಎನ್ನುತ್ತಾರೆ. ಇಂದು ಆಶಾ ಕಾರ್ಯಕರ್ತೆ ಬಸುರಿಯರ ಮನೆಗೆ ತಂದುಕೊಡುವ ಕಬ್ಬಿಣದ ಗುಳಿಗೆಯಲ್ಲಿ ಅದೇ ಫೋಲಿಕ್ ಆಮ್ಲ ಇದೆ. ಬೊಂಬಾಯಿಯ ಹೆಸರಿಲ್ಲದ ಆ ಹೆಂಗಸರ ಪಾಲು ಅದರಲ್ಲಿದೆ.

ಫೋಲಿಕ್ ಆಮ್ಲ ರಕ್ತವನ್ನು ಬೆಳೆಸುತ್ತದೆ ಎಂದಾದ ಮೇಲೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೂ ಅಂತಹ ಔಷಧಿ ಕೊಟ್ಟು ನೋಡಿದರು. ಕ್ಯಾನ್ಸರ್ ಇನ್ನಷ್ಟು ಬೆಳೆದಂತೆ ಕಂಡಿತು. ಆಗ ಅವರಿಗೆ ತೋಚಿತು. ಇದು ಬೆಳೆಸುವುದಾದರೆ, ಇದನ್ನು ತಡೆಯುವ ವಸ್ತು ಕ್ಯಾನ್ಸರನ್ನು ಒಣಗಿಸಬೇಕಲ್ಲ? ಆ ವಸ್ತುವನ್ನು ತಯಾರಿಸಿಕೊಟ್ಟ ತಂಡದ ನಾಯಕ ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸಿನಲ್ಲಿ ವೈದ್ಯ ಓದಿ ಅಮೆರಿಕ ಸೇರಿದವರು. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು. 16 ಮಕ್ಕಳಿಗೆ ಔಷಧಿ ಕೊಟ್ಟಿದ್ದರು, 10 ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂದೆ ಸರಿದಿತ್ತು. ಅದಕ್ಕಿಂತ ಮೊದಲು ಈ ಕಾಯಿಲೆ ಬಂದ ಮಗು ಕೆಲವೇ ವಾರ, ತಿಂಗಳುಗಳಲ್ಲಿ ತೀರಿಹೋಗುತ್ತಿತ್ತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಫಾರ್ಬರ್ ಬಳಸಿದ ಔಷಧಿಯ ತಮ್ಮನಂತಿರುವುದೇ ಮೆಥೊಟ್ರೆಕ್ಸೇಟ್. ಅದು ಮತ್ತು ಇನ್ನಿತರ ಔಷಧಿಗಳನ್ನು ಸೇರಿಸಿ ಎರಡು ಮೂರು ವರ್ಷ ಕೊಡುವ ಚಿಕಿತ್ಸೆಯಿಂದ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಆ ರಕ್ತದ ಕ್ಯಾನ್ಸರಿನಲ್ಲಿ ಇಂದು ಶ್ರೀಮಂತ ದೇಶಗಳ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಮಾವ ಹೇಳಿದ ವಿಷದ ಚರಿತ್ರೆ ಇದು.

ಬೆನ್ನಿಗೆ ಏಕೆ ಸೂಜಿ? ತಾಯಂದಿರು ಕೇಳುವ ಮೊದಲ ಪ್ರಶ್ನೆ. ರಕ್ತದಿಂದ ಕಂಡಕಂಡದ್ದು ಮಿದುಳಿಗೆ ಹೋಗದಂತೆ ಅಲ್ಲಾಹನು ಅದರ ಸುತ್ತ ಒಂದು ಬೇಲಿ ಇಟ್ಟಿದ್ದಾನೆ. ಹೆಚ್ಚಿನ ಔಷಧಿಗಳೂ ಆ ಬೇಲಿಯನ್ನು ಸಾಕಷ್ಟು ದಾಟಲಾರವು. ಆದರೆ ಕ್ಯಾನ್ಸರಿನ ಕಣಗಳು ಅಲ್ಲಿ ಹೋಗಿ ಅಡಗಿಕೊಂಡು ವರ್ಷಗಳ ನಂತರ ಮತ್ತೆ ತಲೆ ಎತ್ತುತ್ತವೆ. ಅದಕ್ಕಾಗಿ ಬೆನ್ನುಮೂಳೆಯ ನಡುವೆ ಇರುವ, ಮಿದುಳನ್ನೂ ಸುತ್ತುವರಿದ ನೀರಿಗೇ ಔಷಧಿ ಬಿಡುತ್ತಾರೆ. ಸೂಜಿಯಿಂದ ಸೊಂಟ ಬೀಳುತ್ತದೆ ಎಂದು ನಮ್ಮಲ್ಲಿ ಹೆದರುವವರಿದ್ದಾರೆ. ಹೆದರಬೇಕಾದದ್ದು ಅದಕ್ಕಲ್ಲ.

ಕೆಲವು ಮಕ್ಕಳಲ್ಲಿ ಮಾತ್ರ, ಈ ಸೂಜಿಯಾದ ಸಾಮಾನ್ಯವಾಗಿ ಎರಡರಿಂದ ಹದಿನಾಲ್ಕು ದಿನಗಳ ಒಳಗೆ, ಔಷಧಿ ಮಿದುಳಿನ ಬಿಳಿ ಭಾಗವನ್ನು ಸ್ವಲ್ಪ ಕಾಲ ಕೆಡಿಸುತ್ತದೆ. ಒಂದು ಬದಿ ಬೀಳುತ್ತದೆ, ಮಾತು ತಡವರಿಸುತ್ತದೆ ಅಥವಾ ನಿಲ್ಲುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ವಿಚಿತ್ರವೆಂದರೆ ಇದು ಬಂದು ಹೋಗಿ ಮಾಡುತ್ತದೆ. ಬೆಳಿಗ್ಗೆ ಬಲಗೈ ಬಿದ್ದಿದ್ದರೆ ಸಂಜೆ ಸರಿಯಾಗಿ, ಮರುದಿನ ಎಡಗೈ ಬಿದ್ದೀತು. ಇಂತಹ ಓಡಾಟವನ್ನು ನೋಡಿಯೇ ನಮ್ಮವರು ಗಾಳಿ ಸೋಂಕು ಎನ್ನುವುದು. ಸಾಮಾನ್ಯ ಪಾರ್ಶ್ವವಾಯುವಿನಲ್ಲಿ ಎಂ.ಆರ್.ಐ. ಮಾಡಿದರೆ ಒಂದು ರಕ್ತನಾಳ ನೀರುಣಿಸುವ ಜಾಗವಷ್ಟೇ ಕೆಟ್ಟಿರುವುದು ಕಾಣುತ್ತದೆ, ಕಾಲುವೆ ಒಡೆದರೆ ಅದರ ಕೆಳಗಿನ ಗದ್ದೆ ಮಾತ್ರ ಒಣಗುವ ಹಾಗೆ. ಈ ಔಷಧಿಯ ಪರಿಣಾಮ ಅಂತಹ ಗಡಿಗಳನ್ನು ಅನುಸರಿಸುವುದಿಲ್ಲ. ವೈದ್ಯರು ಗುರುತಿಸುವುದು ಹಾಗೆ.

ಏಕೆ ಹೀಗಾಗುತ್ತದೆ ಎಂಬುದರ ಮೇಲೆ ಸಂಶೋಧನೆ ನಡೆಯುತ್ತಲೇ ಇದೆ. ಫೋಲಿಕ್ ಆಮ್ಲದ ಕೆಲಸ ತಡೆದಾಗ ದೇಹದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ. ಅದು ಮತ್ತು ಅದರಿಂದ ಹುಟ್ಟುವ ವಸ್ತುಗಳು ಮಿದುಳಿನ ಕಣಗಳನ್ನು ಅತಿಯಾಗಿ ಕೆರಳಿಸುತ್ತವೆ ಎಂಬುದು ಒಂದು ವಿವರಣೆ. ಆ ಕೆರಳಿಕೆಯನ್ನು ತಡೆಯುವ ಔಷಧಿಯೊಂದು ಎಲ್ಲ ಮೆಡಿಕಲ್ ಅಂಗಡಿಗಳಲ್ಲೂ ಇದೆ. ಅದು ಒಣಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್! 2002ರಲ್ಲಿ ಅಮೆರಿಕದ ವೈದ್ಯರು ಇಂತಹ 5 ರೋಗಿಗಳಿಗೆ ಅದನ್ನು ಕೊಟ್ಟು ಗುಣ ಕಂಡದ್ದನ್ನು ವರದಿ ಮಾಡಿದರು. ಐದು ಮಂದಿ ಎಂದರೆ ದೊಡ್ಡ ಸಂಖ್ಯೆಯಲ್ಲ, ಇದು ತಾನಾಗಿಯೇ ವಾಸಿಯಾಗುವ ತೊಂದರೆಯೂ ಹೌದು. ಆದ್ದರಿಂದ ಸಿರಪ್ ಎಷ್ಟು ಕೆಲಸ ಮಾಡಿತು ಎಂದು ಖಚಿತವಾಗಿ ಹೇಳುವಂತಿಲ್ಲ. ಸಹೋದರಿಯರೇ, ಇದನ್ನು ಓದಿ ದಯವಿಟ್ಟು ಮನೆಯಲ್ಲಿರುವ ಕೆಮ್ಮಿನ ಬಾಟಲಿ ಕುಡಿಸಿ ಮಲಗಿಸಬೇಡಿ. ಎಷ್ಟು, ಯಾವಾಗ, ಕೊಡಬೇಕೋ ಬೇಡವೋ ಎಂಬುದು ಮಗುವಿನ ಕ್ಯಾನ್ಸರ್ ವೈದ್ಯರ ತೀರ್ಮಾನ.

ದೊಡ್ಡ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಎಂಬ ಮಕ್ಕಳ ಆಸ್ಪತ್ರೆ ಇದೆ. ಲೆಬನಾನ್ ಮೂಲದ ಅರಬ್ ಕುಟುಂಬದ ನಟ ಡ್ಯಾನಿ ಥಾಮಸ್ 1962ರಲ್ಲಿ ಆರಂಭಿಸಿದ್ದು. ಅಲ್ಲಿ 369 ಮಕ್ಕಳನ್ನು ಗಮನಿಸಿದಾಗ 14 ಮಕ್ಕಳಲ್ಲಿ ಈ ಔಷಧಿಯಿಂದ ನರಗಳ ತೊಂದರೆ ಕಾಣಿಸಿಕೊಂಡಿತ್ತು. ನೂರಕ್ಕೆ ನಾಲ್ವರಿಗಿಂತ ಕಡಿಮೆ. ಆದರೆ ಹೊರಗೆ ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಐವರಲ್ಲಿ ಒಬ್ಬರ ಸ್ಕ್ಯಾನ್‌ನಲ್ಲಿ ಬಿಳಿ ಭಾಗದ ಬದಲಾವಣೆ ಇತ್ತು. ಸ್ಕ್ಯಾನ್ ವರದಿಯಲ್ಲಿ ಏನೋ ಬರೆದಿದೆ ಎಂದ ಮಾತ್ರಕ್ಕೆ ಮಗುವಿನ ಬುದ್ಧಿ ಹೋಯಿತು ಎಂದು ಎದೆ ಬಡಿದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಈ ಸಂಖ್ಯೆ ಹೇಳಿದೆ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಹೆಚ್ಚಿನ ಮಕ್ಕಳು ಕೆಲವು ದಿನಗಳಲ್ಲಿ, ಬಹಳವೆಂದರೆ ಒಂದೆರಡು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ಎಲ್ಲರೂ ಎಂದು ಹೇಳಲಾರೆ. ಕೆಲವರಿಗೆ ಸ್ವಲ್ಪ ನ್ಯೂನತೆ ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಬರಹವೇ ಅಪಾಯವಾದೀತು. ಕೀಮೋ ನಡೆಯುವ ಮಗುವಿನ ಕೈ ಬಿದ್ದದ್ದೆಲ್ಲ ಮೆಥೊಟ್ರೆಕ್ಸೇಟ್‌ನಿಂದಲೇ ಅಲ್ಲ. ಇದೇ ಚಿಕಿತ್ಸೆಯಲ್ಲಿ ಕೊಡುವ ಎಲ್-ಆಸ್ಪರಾಜಿನೇಸ್ ಎಂಬ ಇನ್ನೊಂದು ಔಷಧಿಯಿಂದ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ತೀವ್ರ ತಲೆನೋವು, ವಾಂತಿ, ಫಿಟ್ಸ್, ಜೊತೆಗೆ ಒಂದು ಬದಿ ಬೀಳುವುದು ಅದರ ಲಕ್ಷಣ. ಅದಕ್ಕೆ ಬೇರೆ ಔಷಧಿ ಬೇಕು, ಬೇಗ ಬೇಕು. ರಕ್ತಸ್ರಾವವೂ, ಸೋಂಕೂ ಕಾರಣವಾಗಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಸ್ಕ್ಯಾನ್ ಇಲ್ಲದೆ ಯಾವ ಉಸ್ತಾದನಿಗೂ, ಯಾವ ನಾಟಿ ವೈದ್ಯನಿಗೂ ಬೇರ್ಪಡಿಸಿ ಹೇಳಲು ಸಾಧ್ಯವಿಲ್ಲ. "ತಾನಾಗಿ ವಾಸಿಯಾಗುತ್ತದಂತೆ, ಬೆಳಿಗ್ಗೆ ನೋಡುವ" ಎನ್ನಬಾರದು, ನಾನು ಅಂದ ಹಾಗೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ದೊಡ್ಡ ಚಿಕಿತ್ಸೆ ಎಂದರೆ ಒಂದೋ ಮಣಿಪಾಲ, ಇಲ್ಲವೇ ಶಿವಮೊಗ್ಗ. ಇನ್ನೂ ದೂರವೆಂದರೆ ಬೆಂಗಳೂರಿನ ಕಿದ್ವಾಯಿ, ಸ್ವಾತಂತ್ರ್ಯ ಹೋರಾಟಗಾರ ಹಾಗೂ ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಆಸ್ಪತ್ರೆ. ಮಳೆಗಾಲದಲ್ಲಿ ಘಟ್ಟದ ದಾರಿಯ ಭರವಸೆ ಇಲ್ಲ. ಹಾಗಿರುವಾಗ ಮಗುವಿಗೆ ಬೆನ್ನಿನ ಸೂಜಿಯಾದ ಎರಡು ವಾರ ಯಾವ ವಾಹನ ಸಿಗುತ್ತದೆ, ರಾತ್ರಿ ಫೋನ್ ಎತ್ತುವ ಡ್ರೈವರ್ ಯಾರು ಎಂದು ಮೊದಲೇ ಗೊತ್ತುಮಾಡಿಡುವುದು ಒಳ್ಳೆಯದು. ಫೈಲ್ ಕಪಾಟಿನ ತಳದಲ್ಲಿ ಅಲ್ಲ, ಬಾಗಿಲ ಬಳಿ ಇರಲಿ. ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಯಾವ ತಾರೀಕಿಗೆ ಯಾವ ಸೂಜಿ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಅದನ್ನು ಹೇಳದಿದ್ದರೆ ಡ್ಯೂಟಿಯಲ್ಲಿರುವ ಡಾಕ್ಟರರಿಗೆ ಹೊಳೆಯದೇ ಹೋದೀತು. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ, ಕಾಗದಪತ್ರ ಮೊದಲೇ ಮಾಡಿಸಿಕೊಳ್ಳಿ.

ಇಲ್ಲಿ ಒಂದು ಅಡ್ಡಮಾತು. ಮೆಥೊಟ್ರೆಕ್ಸೇಟ್ ಮಾತ್ರೆಯ ರೂಪದಲ್ಲಿ ಗಂಟುನೋವಿಗೂ, ಸೋರಿಯಾಸಿಸ್‌ಗೂ ಕೊಡುತ್ತಾರೆ. ನಮ್ಮ ಎಷ್ಟೋ ಹೆಂಗಸರು ಸಂಧಿವಾತಕ್ಕೆ ಅದನ್ನು ನುಂಗುತ್ತಿದ್ದಾರೆ. ಆ ಸಣ್ಣ ಪ್ರಮಾಣದಲ್ಲಿ ಇಂತಹ ಲಕ್ವದ ಭಯ ಇಲ್ಲವೆಂದೇ ಹೇಳಬಹುದು. ಆದರೆ ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ನೋವು ಹೆಚ್ಚಾಯಿತೆಂದು ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಗರ್ಭದ ಮಗುವಿಗೂ ಅದು ಹಾನಿಕರ, ಮಕ್ಕಳು ಬೇಕೆನ್ನುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಜುಮಾದ ದಿನ ಎಂದು ಒಂದು ವಾರವನ್ನು ನಿಶ್ಚಯಿಸಿಕೊಂಡ ಒಬ್ಬ ಅಜ್ಜಿಯನ್ನು ನಾನು ಬಲ್ಲೆ, ಮರೆಯುವುದೇ ಇಲ್ಲ.

ಹುಡುಗನ ಕಡೆ ಬರುತ್ತೇನೆ. ರಾತ್ರಿಯೇ ಸ್ಕ್ಯಾನ್ ಆಯಿತು. ಹೆಪ್ಪು ಇಲ್ಲ, ಬೆನ್ನಿಗೆ ಕೊಟ್ಟ ಔಷಧಿಯ ಪರಿಣಾಮ ಎಂದರು. ಮರುದಿನ ಅಸರ್ ಹೊತ್ತಿಗೆ ಬೆರಳು ಆಡಿಸಿದ. ಮೂರನೇ ದಿನ ಎಡಗಾಲು ಸ್ವಲ್ಪ ಸೋತಿತು, ತಾಯಿ ಮತ್ತೆ ಕುಸಿದು ಕುಳಿತರು. ಅದೂ ಹೋಯಿತು. ಆರನೇ ದಿನ ನಡೆದುಕೊಂಡೇ ಮನೆಗೆ ಬಂದ, ಅಲ್‌ಹಮ್ದುಲಿಲ್ಲಾಹ್. ಮಾತು ಪೂರ್ತಿ ತಿಳಿಯಾಗಲು ಇನ್ನೂ ಒಂದು ವಾರ ಹಿಡಿಯಿತು.

ನಿಜವಾದ ಜಗಳ ಆಮೇಲೆ. ಮುಂದಿನ ಸೂಜಿಯ ತಾರೀಕು ಬಂದಾಗ ಮಾವ ಅಡ್ಡ ನಿಂತರು. ಕೈ ಬಂದದ್ದೇ ಪುಣ್ಯ, ಇನ್ನು ಔಷಧಿ ಬೇಡ, ದರ್ಗಾಕ್ಕೆ ಹೋಗಿ ಬರುವ, ಅಲ್ಲಾಹನ ಮೇಲೆ ತವಕ್ಕುಲ್ ಮಾಡುವ ಎಂದರು. ಅವರನ್ನು ನಾನು ತಪ್ಪು ಎನ್ನಲಾರೆ, ಅಳಿಯನ ಮೇಲಿನ ಪ್ರೀತಿಯಿಂದ ಹೇಳಿದ್ದು. ಆದರೆ ಅಲೆಮಾರಿ ಅರಬರು ಬಂದು ಔಷಧಿ ಮಾಡಬಹುದೇ ಎಂದು ಕೇಳಿದಾಗ ಪ್ರವಾದಿಯವರು(ಸ) ಮಾಡಿರೆಂದು ಆದೇಶಿಸಿದ್ದರು. ತವಕ್ಕುಲ್ ಮಾಡಿ ಸುಮ್ಮನಿರಿ ಎಂದು ಅವರಿಗೆ ಹೇಳಲಿಲ್ಲ. ಅರ್ಧದಲ್ಲಿ ಚಿಕಿತ್ಸೆ ಬಿಟ್ಟ ಮಗುವಿಗೆ ಕ್ಯಾನ್ಸರ್ ಮರಳಿ ಬಂದರೆ ಎರಡನೇ ಸಲ ಗೆಲ್ಲುವುದು ಬಹಳ ಕಷ್ಟ. ಕೈ ಬಿದ್ದದ್ದು ಕಣ್ಣಿಗೆ ಕಂಡಿತು, ಎಲುಬಿನ ಮಜ್ಜೆಯಲ್ಲಿ ಉಳಿದಿರಬಹುದಾದ ಕಣ ಕಣ್ಣಿಗೆ ಕಾಣುವುದಿಲ್ಲ. ಕಂಡದ್ದಕ್ಕೆ ಹೆದರಿ ಕಾಣದ್ದನ್ನು ಬಿಟ್ಟುಬಿಡುತ್ತೇವೆ.

ಮಾವನನ್ನು ಕರೆದುಕೊಂಡೇ ಡಾಕ್ಟರರ ಬಳಿ ಹೋದೆವು. ಅವರು ತಾಳ್ಮೆಯಿಂದ ವಿವರಿಸಿದರು. ಒಮ್ಮೆ ಹೀಗಾದ ಹೆಚ್ಚಿನ ಮಕ್ಕಳಿಗೆ ಅದೇ ಔಷಧಿಯನ್ನು ಮತ್ತೆ ಕೊಟ್ಟರೂ ತೊಂದರೆ ಮರುಕಳಿಸುವುದಿಲ್ಲ, ಕೆಲವರಲ್ಲಿ ಮರುಕಳಿಸುತ್ತದೆ. ಆದ್ದರಿಂದ ಈ ಸಲ ಬೆನ್ನಿಗೆ ಬೇರೆ ಔಷಧಿ ಕೊಡುತ್ತೇವೆ, ನಂತರದ ಸಲಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟು ಎಚ್ಚರದಿಂದ ನೋಡುತ್ತೇವೆ, ಅದರ ಪ್ರಭಾವ ತಗ್ಗಿಸಲು ಫೋಲಿಕ್ ಆಮ್ಲದ ಜಾತಿಯ ಲ್ಯೂಕೊವೊರಿನ್ ಎಂಬ ಔಷಧಿಯೂ ಇದೆ ಎಂದರು. ಮಾವ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಮಗುವಾದರೆ ಕೊಡುತ್ತಿದ್ದಿರಾ?" ಡಾಕ್ಟರ್ "ಕೊಡುತ್ತಿದ್ದೆ" ಎಂದರು. ವಾಪಸ್ ಬರುವಾಗ ಆಗುಂಬೆಯಲ್ಲಿ ಚಹಾ ಕುಡಿದದ್ದರ ದುಡ್ಡು ಮಾವನೇ ಕೊಟ್ಟರು.

ಮೆಥೊಟ್ರೆಕ್ಸೇಟ್‌ನ ಸೂಜಿ ಮತ್ತೆ ಆದ ದಿನದಿಂದ ಆ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಮಗನಿಗೆ ಎರಡೂ ಕೈ ಎತ್ತಲು ಹೇಳುವುದು, ಹೆಸರು ಕೇಳುವುದು. ಹನ್ನೊಂದನೇ ದಿನ ಹುಡುಗ ಸಿಟ್ಟಾಗಿ "ಉಮ್ಮಾ, ದಿನಾ ನನ್ನ ಹೆಸರು ಮರೆತುಹೋಗ್ತದಾ ನಿಮಗೆ?" ಎಂದನಂತೆ. ಅದನ್ನು ಹೇಳಲೆಂದೇ ನನಗೆ ಫೋನ್ ಮಾಡಿದ್ದರು. ಇನ್ನೂ ಮೂರು ಗೆರೆ ಬಾಕಿ ಇತ್ತು.